ಹಕ್ಕಲಿನ ಹಕ್ಕು

ಪ್ರಾಚೀನ ಇಸ್ರಾಯೇಲಿನ ಹಳ್ಳಿಪಟ್ಟಣಗಳಲ್ಲಿ ನ್ಯಾಯವಿಚಾರಣೆಗೆಂದು ಬೇರೆ ಕಟ್ಟಡವಿರಲಿಲ್ಲ, ಊರಬಾಗಿಲೇ ನ್ಯಾಯಸ್ಥಾನವಾಗಿತ್ತು. ಉತ್ತರದ ದಾನ್ ಎಂಬ ಪಟ್ಟಣದ ಅವಶೇಷಗಳಲ್ಲಿ ಕೋಟೆಯ ಬಾಗಿಲ ಬಳಿ ಗೋಡೆಗೆ ಸೇರಿಸಿ ಕಟ್ಟಿದ ಕಲ್ಲಿನ ಜಗಲಿಯೊಂದು ಇಂದಿಗೂ ಉಳಿದಿದೆ. ಇಂತಹ ಬಾಗಿಲುಗಳಲ್ಲಿ ಊರಿನ ಹಿರಿಯರು ಕುಳಿತು ಹೊಲದ ಗಡಿ, ಕೊಟ್ಟ ಸಾಲ, ಸತ್ತವನ ಸ್ವತ್ತು ಮುಂತಾದವುಗಳ ವ್ಯಾಜ್ಯಗಳನ್ನು ಆಲಿಸಿ ತೀರ್ಮಾನಿಸುತ್ತಿದ್ದರು. ಅಲ್ಲಿ ಮಾತಿಗೆ ಬೆಲೆಯಿದ್ದುದು ಭೂಮಿಯುಳ್ಳವನಿಗೆ, ಬೆನ್ನಿಗೆ ನಿಲ್ಲುವ ಅಣ್ಣತಮ್ಮಂದಿರುಳ್ಳವನಿಗೆ. ಗಂಡನನ್ನು ಕಳೆದುಕೊಂಡ ಹೆಂಗಸು, ತಂದೆಯನ್ನು ಕಳೆದುಕೊಂಡ ಮಗು, ಈ ಇಬ್ಬರೂ ಆ ಜಗಲಿಯ ಮುಂದೆ ಬಂದು ನಿಂತರೆ ಅವರ ಪರವಾಗಿ ಬಾಯಿ ತೆರೆಯುವವರು ಯಾರು? ಹೀಬ್ರೂ ಧರ್ಮಗ್ರಂಥಗಳು ಈ ಪ್ರಶ್ನೆಗೆ ಕೊಡುವ ಉತ್ತರ ಅತ್ಯಂತ ಗಂಭೀರವಾದುದು: ಲೋಕವನ್ನು ಸೃಷ್ಟಿಸಿದ ದೇವರೇ ಅವರ ಪಕ್ಷದಲ್ಲಿ ನಿಲ್ಲುತ್ತಾನೆ.

ಆ ಸಮಾಜದಲ್ಲಿ ಅನಾಥನೆಂದರೆ ತಂದೆಯಿಲ್ಲದವನು. ತಾಯಿ ಬದುಕಿದ್ದರೂ ಅವನು ಅನಾಥನೇ. ಆದಕಾರಣ ವಿಧವೆ ಮತ್ತು ಅನಾಥ ಎಂಬ ಎರಡು ಹೆಸರುಗಳು ಗ್ರಂಥದಲ್ಲಿ ಜೊತೆಜೊತೆಯಾಗಿ ಬಂದಾಗ ಅನೇಕ ವೇಳೆ ಅವು ಒಂದೇ ಮನೆಯ ಕಥೆಯನ್ನು ಹೇಳುತ್ತಿರುತ್ತವೆ. ಭೂಮಿ ತಂದೆಯಿಂದ ಮಗನಿಗೆ ಇಳಿಯುತ್ತಿತ್ತು. ಹೀಬ್ರೂ ಧರ್ಮಗ್ರಂಥಗಳಲ್ಲೊಂದಾದ ಅರಣ್ಯಕಾಂಡದ 27ನೆಯ ಅಧ್ಯಾಯದಲ್ಲಿ ದಾಯಾದಿಗಳ ಕ್ರಮವನ್ನು ಹೇಳುವಾಗ ಮಗ, ಮಗಳು, ಸಹೋದರ, ತಂದೆಯ ಸಹೋದರ, ಆಮೇಲೆ ಕುಲದಲ್ಲಿ ಹತ್ತಿರದವನು ಎಂದು ಎಣಿಸಲಾಗಿದೆಯೇ ಹೊರತು ಹೆಂಡತಿಯ ಹೆಸರು ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಮಕ್ಕಳಿಲ್ಲದ ವಿಧವೆ ತವರಿಗೆ ಮರಳಬೇಕು. ಇಲ್ಲವೇ ಗಂಡನ ಸಹೋದರನನ್ನು ವರಿಸಿ ಸತ್ತವನ ಹೆಸರನ್ನು ಉಳಿಸಬೇಕು. ಎರಡೂ ಆಗದಿದ್ದರೆ ಕೂಲಿ, ಸಾಲ, ಭಿಕ್ಷೆ. ಸಾಲ ತೀರದಿದ್ದರೆ ಸಾಲಕೊಟ್ಟವನು ಮಕ್ಕಳನ್ನು ಜೀತಕ್ಕೆ ಎಳೆದೊಯ್ಯುವನು. ಮಳೆಯನ್ನೇ ನೆಚ್ಚಿದ ಗುಡ್ಡಗಾಡಿನ ಬೇಸಾಯ, ಮೇಲಿಂದ ಮೇಲೆ ಒದಗುತ್ತಿದ್ದ ಯುದ್ಧಗಳು, ಇವುಗಳ ನಡುವೆ ಇಂತಹ ಮನೆಗಳಿಗೆ ಯಾವ ಊರಿನಲ್ಲಿಯೂ ಕೊರತೆಯಿದ್ದಿರಲಾರದು.

ವಿಧವೆಯರನ್ನೂ ಅನಾಥರನ್ನೂ ಕಾಪಾಡಬೇಕೆಂಬ ಭಾವನೆ ಹೀಬ್ರೂ ಜನರಲ್ಲಿ ಮಾತ್ರ ಹುಟ್ಟಿತೆಂದು ಹೇಳಿದರೆ ನೆರೆಹೊರೆಯವರಿಗೆ ಅನ್ಯಾಯವಾದೀತು. ಮೋಶೆಯ ಕಾಲಕ್ಕೆ ಬಹು ಶತಮಾನಗಳ ಹಿಂದೆಯೇ ಸುಮೇರಿನ ಅರಸ ಊರ್-ನಮ್ಮುವಿನ ಶಾಸನದ ಪೀಠಿಕೆ, ಅನಾಥನು ಐಶ್ವರ್ಯವಂತನ ಕೈಗೂ ವಿಧವೆ ಬಲಿಷ್ಠನ ಕೈಗೂ ಸಿಕ್ಕದಂತೆ ತಾನು ನೋಡಿಕೊಂಡೆನೆಂದು ಸಾರುತ್ತದೆ. 1901-02ರಲ್ಲಿ ಸೂಸಾ ನಗರದಲ್ಲಿ ದೊರೆತು ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಹಮ್ಮುರಾಬಿಯ ಕಪ್ಪು ಶಿಲೆಯ ಮೇಲೂ ಅಂತಹುದೇ ಮಾತು ಕೆತ್ತಲ್ಪಟ್ಟಿದೆ. ಸಿರಿಯದ ಕಡಲತೀರದ ಉಗಾರಿತ್ ನಗರದ ಮಣ್ಣಿನ ಫಲಕಗಳಲ್ಲಿ ದನೇಲನೆಂಬ ಪುರುಷನು ಊರಬಾಗಿಲಲ್ಲಿ ಕುಳಿತು ವಿಧವೆಯ ವ್ಯಾಜ್ಯವನ್ನೂ ಅನಾಥನ ವ್ಯಾಜ್ಯವನ್ನೂ ತೀರಿಸುತ್ತಿದ್ದನೆಂದು ವರ್ಣಿಸಿದೆ. ವಿಧವೆಯ ಹೊಲದ ಎಲ್ಲೆಯನ್ನು ಒತ್ತರಿಸಬಾರದೆಂದು ಈಜಿಪ್ಟಿನ ಅಮೆನೆಮೋಪೆ ಉಪದೇಶಿಸಿದ್ದಾನೆ. ಇವೆಲ್ಲವೂ ಉದಾತ್ತವಾದ ಮಾತುಗಳೇ. ಆದರೆ ಮೆಸೊಪೊಟೇಮಿಯದ ಆ ಶಾಸನಗಳಲ್ಲಿ ಮಾತಾಡುತ್ತಿರುವವನು ಅರಸನು. ಮಾತಾಡುತ್ತಿರುವುದು ತನ್ನ ಕೀರ್ತಿಯನ್ನು ಕುರಿತು. ದುರ್ಬಲರ ರಕ್ಷಣೆ ಅಲ್ಲಿ ರಾಜವೈಭವದ ಒಂದು ಅಂಗ.

ಅಲ್ಲಿಂದ ಹೀಬ್ರೂ ಗ್ರಂಥಗಳ ವಿಮೋಚನಕಾಂಡದ 22ನೆಯ ಅಧ್ಯಾಯಕ್ಕೆ ಬಂದರೆ ಬೇರೊಂದು ಲೋಕವನ್ನು ಹೊಕ್ಕಂತಾಗುತ್ತದೆ. ಅಲ್ಲಿ ಅರಸನ ಸುದ್ದಿಯೇ ಇಲ್ಲ. ದೇವರು ತಾನೇ ಉತ್ತಮಪುರುಷದಲ್ಲಿ ಮಾತಾಡುತ್ತಾ, ವಿಧವೆಯನ್ನಾಗಲಿ ಅನಾಥನನ್ನಾಗಲಿ ಬಾಧಿಸಕೂಡದೆಂದು ಇಡೀ ಜನಾಂಗಕ್ಕೆ ವಿಧಿಸುತ್ತಾನೆ. ಬಾಧಿಸಿದಲ್ಲಿ ಅವರು ತನಗೆ ಮೊರೆಯಿಡುವರೆಂದೂ, ಆ ಮೊರೆಯನ್ನು ತಾನು ಖಂಡಿತವಾಗಿ ಕೇಳುವನೆಂದೂ, ಆಗ ಬಾಧಿಸಿದವರ ಹೆಂಡಿರೇ ವಿಧವೆಯರಾಗಿ ಅವರ ಮಕ್ಕಳೇ ಅನಾಥರಾಗುವರೆಂದೂ ಎಚ್ಚರಿಸುತ್ತಾನೆ. ಇದೇ ಪ್ರಕರಣದಲ್ಲಿ ಎತ್ತು ಕದ್ದವನಿಗೆ ಇಷ್ಟು, ಪೈರಿಗೆ ಬೆಂಕಿಯಿಟ್ಟವನಿಗೆ ಇಷ್ಟು ಎಂದು ಹಿರಿಯರು ವಿಧಿಸತಕ್ಕ ದಂಡವನ್ನು ಹೇಳಿದೆ; ಈ ಅಪರಾಧಕ್ಕಾದರೋ ಊರಬಾಗಿಲಿನ ದಂಡವನ್ನು ಹೇಳಿಲ್ಲ. ಊರಬಾಗಿಲಲ್ಲಿ ಅವರಿಗೆ ನ್ಯಾಯ ದೊರೆಯಲಾರದೆಂಬ ಲೋಕಾನುಭವವನ್ನು ಶಾಸನಕಾರನು ಚೆನ್ನಾಗಿ ಬಲ್ಲವನಾದ್ದರಿಂದಲೇ ಆ ಮೊಕದ್ದಮೆಯನ್ನು ಅಲ್ಲಿಂದ ಎತ್ತಿ ನೇರವಾಗಿ ದೇವರ ಸನ್ನಿಧಿಗೆ ವರ್ಗಾಯಿಸಿದ್ದಾನೆಂದು ನನಗೆ ತೋರುತ್ತದೆ. ಮೊರೆಯನ್ನು ಕೇಳುವುದೆಂದರೇನೆಂಬುದು ಆ ಜನರಿಗೆ ತಿಳಿದಿತ್ತು. ಐಗುಪ್ತದಲ್ಲಿ, ಎಂದರೆ ಈಜಿಪ್ಟಿನಲ್ಲಿ, ಇಟ್ಟಿಗೆ ಹೊತ್ತು ಗೋಳಿಟ್ಟವರು ಅವರ ಪೂರ್ವಿಕರೇ; ಆ ಗೋಳನ್ನು ಕೇಳಿ ಇಳಿದು ಬಂದವನು ಈ ದೇವರೇ. ಧರ್ಮೋಪದೇಶಕಾಂಡವು ವಿಧವೆ, ಅನಾಥ, ಪರದೇಶಿ ಎಂಬ ಈ ಮೂವರ ವಿಷಯವನ್ನು ಎತ್ತಿದಾಗ ಐಗುಪ್ತದ ದಾಸ್ಯವನ್ನು ಮತ್ತೆ ಮತ್ತೆ ನೆನಪಿಸುತ್ತದೆ. ದುಃಖವನ್ನು ಉಂಡವನು ಅದನ್ನು ಮರೆತರೆ ಉಣಿಸುವವನಾಗುತ್ತಾನೆಂಬ ಭಯ ಆ ಗ್ರಂಥಕ್ಕೆ ಸದಾ ಇದೆ.

ಈ ಕರುಣೆ ಬಾಯಿಮಾತಿನಲ್ಲಿ ನಿಲ್ಲದೆ ಹೊಲಕ್ಕೆ ಇಳಿಯಿತು. ಪೈರು ಕೊಯ್ಯುವಾಗ ಹೊಲದ ಅಂಚಿನವರೆಗೂ ಕೊಯ್ಯಕೂಡದು. ಕೆಳಗೆ ಉದುರಿದ ತೆನೆಯನ್ನು ಆರಿಸಿಕೊಳ್ಳಕೂಡದು. ಸಿವುಡೊಂದನ್ನು ಮರೆತು ಮನೆಗೆ ಬಂದರೆ ಅದನ್ನು ತರಲು ಹಿಂದಿರುಗಕೂಡದು. ಎಣ್ಣೆಮರದ ಕೊಂಬೆಗಳನ್ನು ಒಮ್ಮೆ ಬಡಿದ ಮೇಲೆ ಎರಡನೆಯ ಸಲ ಬಡಿಯಕೂಡದು. ದ್ರಾಕ್ಷಿಯ ತೋಟದಲ್ಲಿ ಉಳಿದ ಗೊಂಚಲುಗಳಿಗೆ ಮತ್ತೆ ಕೈಹಾಕಕೂಡದು. ಯಾಜಕಕಾಂಡದಲ್ಲಿಯೂ ಧರ್ಮೋಪದೇಶಕಾಂಡದಲ್ಲಿಯೂ ಬರುವ ಈ ವಿಧಿಗಳನ್ನು ಮೇಲೆಮೇಲೆ ಓದಿದವರು ಇದನ್ನು ದಾನಧರ್ಮವೆಂದು ಎಣಿಸಿಯಾರು. ಆದರೆ ದಾನದಲ್ಲಿ ಕೊಡುವವನ ಇಚ್ಛೆಯುಂಟು. ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂಬುದನ್ನು ಅವನೇ ನಿರ್ಣಯಿಸುತ್ತಾನೆ. ಹೀಗೆ ಹೊಲದಲ್ಲಿ ಉಳಿಸಿಬಿಟ್ಟ ಹಕ್ಕಲಿನಲ್ಲಿ ಹೊಲದೊಡೆಯನಿಗೆ ಅಂತಹ ಇಚ್ಛೆಯೇ ಇಲ್ಲ. ಆ ಅಂಚಿನ ಪೈರು ಅವನು ಬಿತ್ತಿದ್ದಾದರೂ ಅವನದಲ್ಲ. ವಿಧವೆ ಅವನ ಬಾಗಿಲಿಗೆ ಬಂದು ಸೆರಗೊಡ್ಡಬೇಕಾಗಿಲ್ಲ. ಹೊಲಕ್ಕೆ ಹೋಗಿ, ಬೆನ್ನು ಬಗ್ಗಿಸಿ ದುಡಿದು, ತನ್ನದನ್ನು ತಾನು ತೆಗೆದುಕೊಂಡು ಬರುತ್ತಾಳೆ. ಕ್ರಿಸ್ತಶಕ 200ರ ಸುಮಾರಿಗೆ ಸಂಗ್ರಹಿತವಾದ ಮಿಷ್ನಾ ಎಂಬ ಯೆಹೂದ್ಯರ ಧರ್ಮಸಂಹಿತೆಯಲ್ಲಿ ಹೊಲದ ಅಂಚಿನ ವಿಷಯಕ್ಕೆಂದೇ ಪೇಆ ಎಂಬ ಒಂದು ಪ್ರಕರಣವಿದೆ. ಅಂಚೆಂದು ಬಿಡತಕ್ಕದ್ದು ಅರುವತ್ತರಲ್ಲಿ ಒಂದು ಪಾಲಿಗೆ ಕಡಿಮೆಯಾಗಬಾರದೆಂದು ಅಲ್ಲಿ ಗೊತ್ತುಮಾಡಿದ್ದಾರೆ. ಬಡವರನ್ನು ಆಯಗೊಡದವನೂ, ಒಬ್ಬನನ್ನು ಬಿಟ್ಟು ಮತ್ತೊಬ್ಬನನ್ನು ತಡೆದವನೂ, ಕೊನೆಗೆ ಆಯುತ್ತಿರುವವರಲ್ಲಿ ತನಗೆ ಬೇಕಾದ ಒಬ್ಬನಿಗೆ ಸಹಾಯಮಾಡಿದವನೂ ಸಹ ಬಡವರ ಸ್ವತ್ತನ್ನು ಕದ್ದವನೇ ಎಂದು ಆ ಸಂಹಿತೆ ತೀರ್ಪು ಕೊಡುತ್ತದೆ. ಸಹಾಯವನ್ನೂ ಕಳ್ಳತನವೆಂದು ಕರೆದ ಈ ಸೂಕ್ಷ್ಮವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಕದಿಯಲು ಸಾಧ್ಯವಾಗುವುದು ಪರರ ಸ್ವತ್ತನ್ನು ಮಾತ್ರವಷ್ಟೆ. ಹಕ್ಕಲು ಹಕ್ಕೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಾಗಿಲ್ಲ.

ಈ ವಿಧಿ ಬದುಕಿನಲ್ಲಿ ಹೇಗೆ ನಡೆಯುತ್ತಿತ್ತೆಂಬುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವುದು ರೂತಳ ಪುಸ್ತಕ. ನಾಲ್ಕೇ ಅಧ್ಯಾಯಗಳ ಈ ಚಿಕ್ಕ ಕಥೆಯಲ್ಲಿ ಮೂವರು ವಿಧವೆಯರಿದ್ದಾರೆ. ಬೇತ್ಲೆಹೇಮಿನ ನೊವೊಮಿ ಬರಗಾಲದಲ್ಲಿ ಗಂಡಮಕ್ಕಳೊಡನೆ ಮೋವಾಬ್ ದೇಶಕ್ಕೆ ಹೋಗಿ, ಅಲ್ಲಿ ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಳ್ಳುತ್ತಾಳೆ. ಸೊಸೆಯರಲ್ಲಿ ಒರ್ಫಾ ತವರಿಗೆ ಹಿಂದಿರುಗುತ್ತಾಳೆ. ರೂತಳು ಅತ್ತೆಯನ್ನು ಬಿಡಲೊಲ್ಲದೆ ಕಾಣದ ದೇಶಕ್ಕೆ ಹೊರಡುತ್ತಾಳೆ. ಅವರು ಬೇತ್ಲೆಹೇಮನ್ನು ಸೇರಿದ್ದು ಜವೆಗೋದಿಯ ಕೊಯ್ಲಿನ ಆರಂಭದಲ್ಲಿ. ವಿಧವೆಯೂ ಪರದೇಶಿಯೂ ಆದ ರೂತಳು ಕೊಯ್ಯುವವರ ಹಿಂದೆ ಹಕ್ಕಲಾಯಲು ಹೋಗುತ್ತಾಳೆ. ಅವಳು ಹೊಕ್ಕ ಹೊಲ ಮಾವನ ಬಂಧುವಾದ ಬೋವಜನದಾಗಿರುತ್ತದೆ. ಅವನು ಆಳುಗಳಿಗೆ, ಆಕೆಯನ್ನು ಮುಟ್ಟಕೂಡದೆಂದೂ ಗದರಿಸಕೂಡದೆಂದೂ ಆಜ್ಞೆಮಾಡಿದ್ದಲ್ಲದೆ, ಸಿವುಡುಗಳಿಂದ ತೆನೆಗಳನ್ನು ಬೇಕೆಂದೇ ಉದುರಿಸಿ ಹೋಗಬೇಕೆಂದೂ ಹೇಳುತ್ತಾನೆ. ಹಕ್ಕಲಾಯಲು ಬಂದ ಒಂಟಿ ಹೆಂಗಸಿಗೆ ಹೊಲದಲ್ಲಿ ಏನೇನು ಒದಗಬಹುದಾಗಿತ್ತೆಂಬುದನ್ನು ಆ ಆಜ್ಞೆಯಿಂದಲೇ ಊಹಿಸಿಕೊಳ್ಳಬಹುದು. ಕಾನೂನು ಅವಳಿಗೆ ತೆನೆಯನ್ನು ಕೊಟ್ಟಿತ್ತು, ಮಾನವನ್ನು ಕಾಪಾಡಲು ಮನುಷ್ಯನೊಬ್ಬನು ಬೇಕಾಯಿತು. ಸಂಜೆಗೆ ಆಕೆ ಆಯ್ದುದನ್ನು ಬಡಿದು ನೋಡಿದರೆ ಒಂದು ಏಫಾದಷ್ಟು, ಎಂದರೆ ನಮ್ಮ ಅಳತೆಯಲ್ಲಿ ಇಪ್ಪತ್ತು ಲೀಟರಿಗೂ ಮಿಕ್ಕಿದ ಕಾಳು. ಹಗಲಿಡೀ ಬಗ್ಗಿದ ಬೆನ್ನಿನಿಂದ ಅಷ್ಟು ಕಾಳನ್ನು ಹೊತ್ತು ಬಂದವಳು, ಮಧ್ಯಾಹ್ನದ ಊಟದಲ್ಲಿ ತಾನು ಉಂಡು ಮಿಕ್ಕುದನ್ನೂ ಅತ್ತೆಗೆಂದು ತೆಗೆದುಕೊಡುತ್ತಾಳೆ. ಕಥೆಗಾರನು ಈ ಒಂದು ವಿವರವನ್ನು ಮರೆಯದೆ ಹೇಳಿದ್ದಾನೆ. ಅದಕ್ಕಾಗಿ ಅವನಿಗೆ ಕೈಮುಗಿಯಬೇಕು.

ಆಮೇಲೆ ಬೋವಜನು ಊರಬಾಗಿಲಲ್ಲಿ ಹತ್ತು ಮಂದಿ ಹಿರಿಯರನ್ನು ಕೂರಿಸಿ, ತನಗಿಂತ ಸಮೀಪದ ಬಂಧುವೊಬ್ಬನಿಗೆ ನೊವೊಮಿಯ ಹೊಲದ ಪ್ರಸ್ತಾಪವನ್ನು ಮಾಡುತ್ತಾನೆ. ಹೊಲವನ್ನು ಕೊಳ್ಳಲು ಆತನು ಒಪ್ಪುತ್ತಾನೆ. ಆದರೆ ಹೊಲದೊಡನೆ ರೂತಳ ಹೊಣೆಯೂ ಬರುವುದೆಂದು ತಿಳಿದೊಡನೆ ಹಿಂಜರಿದು, ಹಕ್ಕು ಬಿಟ್ಟುದರ ಗುರುತಾಗಿ ಕೆರವನ್ನು ಬಿಚ್ಚಿಕೊಟ್ಟು ಸರಿಯುತ್ತಾನೆ. ಗ್ರಂಥವು ಆ ಬಂಧುವಿನ ಹೆಸರನ್ನು ಹೇಳುವುದೇ ಇಲ್ಲ. ಬೋವಜನು ರೂತಳನ್ನು ವರಿಸುತ್ತಾನೆ. ಅವರಿಗೆ ಹುಟ್ಟಿದ ಓಬೇದನು ಅರಸ ದಾವೀದನ ಅಜ್ಜ. ಈ ಇಡೀ ಕಥೆಯಲ್ಲಿ ದೇವರು ನೇರವಾಗಿ ಮಾಡಿದನೆಂದು ಕಥೆಗಾರನು ತಾನಾಗಿ ಹೇಳುವುದು ಎರಡೇ ಕಾರ್ಯಗಳನ್ನು: ಬರಗಾಲ ನೀಗಿಸಿ ತನ್ನ ಜನಕ್ಕೆ ಅನ್ನ ಕೊಟ್ಟದ್ದು ಮತ್ತು ರೂತಳಿಗೆ ಗರ್ಭವನ್ನು ಅನುಗ್ರಹಿಸಿದ್ದು. ನಡುವಿನದೆಲ್ಲವೂ ಒಬ್ಬ ಸೊಸೆಯ ನಿಷ್ಠೆಯಿಂದ, ಒಬ್ಬ ರೈತನ ಸೌಜನ್ಯದಿಂದ, ಹೊಲದ ಅಂಚಿನ ಹಳೆಯ ವಿಧಿಯೊಂದರಿಂದ ನಡೆಯಿತು. ದೇವರ ಪಾಲನೆ ಎಂಬುದು ಹೀಬ್ರೂ ಗ್ರಂಥಗಳಲ್ಲಿ ಬಹುಮಟ್ಟಿಗೆ ಹೀಗೆ ಮನುಷ್ಯರ ಕೈಗಳ ಮೂಲಕ ನಡೆಯುವಂತಹುದು.

ಅಡವಿನ ವಿಧಿಯೂ ಇಂತಹುದೇ. ಬಡವನ ಹೊದಿಕೆಯನ್ನು ಒತ್ತೆಯಾಗಿ ತೆಗೆದುಕೊಂಡರೆ ಸೂರ್ಯಾಸ್ತಕ್ಕೆ ಮುಂಚೆ ಹಿಂದಕ್ಕೆ ಕೊಡಬೇಕು, ಏಕೆಂದರೆ ರಾತ್ರಿ ಮಲಗಲು ಅವನಿಗೆ ಬೇರೆ ಬಟ್ಟೆಯಿಲ್ಲ. ವಿಧವೆಯ ಉಡುಪನ್ನಾದರೋ ಒತ್ತೆಯಾಗಿ ಮುಟ್ಟಲೇಕೂಡದು. 1960ರಲ್ಲಿ ಮೆಡಿಟರೇನಿಯನ್ ತೀರದ ಮೆಸಾದ್ ಹಷವ್ಯಾಹು ಎಂಬ ಹಳೆಯ ಕೋಟೆಯಲ್ಲಿ ಮಡಕೆಯ ಚೂರೊಂದರ ಮೇಲೆ ಶಾಯಿಯಲ್ಲಿ ಬರೆದ ಅರ್ಜಿ ದೊರೆಯಿತು. ಕ್ರಿಸ್ತಪೂರ್ವ ಏಳನೆಯ ಶತಮಾನದ ಕೊನೆಯ ಭಾಗದ್ದು. ಕೊಯ್ಲಿನ ಆಳೊಬ್ಬನು ಅಧಿಕಾರಿಗೆ ಬರೆಸಿದ್ದು. ತನ್ನ ಪಾಲಿನ ಕೊಯ್ಲನ್ನು ಮುಗಿಸಿದ್ದರೂ ಮೇಲಿನವನು ತನ್ನ ಬಟ್ಟೆಯನ್ನು ಕಿತ್ತುಕೊಂಡು ಹೋದನೆಂದೂ, ತನ್ನ ಜೊತೆಯವರೆಲ್ಲರೂ ಇದಕ್ಕೆ ಸಾಕ್ಷಿಯೆಂದೂ, ಬಟ್ಟೆಯನ್ನು ಕೊಡಿಸಬೇಕೆಂದೂ ಅವನ ಬೇಡಿಕೆ. ಅಧಿಕಾರಿಯ ಉತ್ತರ ನಮಗೆ ಉಳಿದು ಬಂದಿಲ್ಲ. ಒಂದು ಬಟ್ಟೆಗಾಗಿ ಇಷ್ಟು ಅಂಗಲಾಚಬೇಕಾಗಿದ್ದ ಲೋಕದಲ್ಲಿ, ಮಾತಾಡಿಸಲು ಸಾಕ್ಷಿಗಳೂ ಇಲ್ಲದ ವಿಧವೆಯ ಬಟ್ಟೆಗೆ ಶಾಸನದ ಬೇಲಿಯನ್ನು ಹಾಕಿದುದರ ಅರ್ಥ ಆ ಚೂರನ್ನು ನೋಡಿದಾಗ ಮನದಟ್ಟಾಗುತ್ತದೆ.

ಇವಲ್ಲದೆ ಪ್ರತಿ ಮೂರನೆಯ ವರ್ಷದ ದಶಮಾಂಶವನ್ನು ಊರಿನಲ್ಲಿಯೇ ಕೂಡಿಟ್ಟು ಲೇವಿ ಕುಲದವರಿಗೂ ಪರದೇಶಿಗಳಿಗೂ ಅನಾಥರಿಗೂ ವಿಧವೆಯರಿಗೂ ತೃಪ್ತಿಯಾಗುವಷ್ಟು ಕೊಡಬೇಕೆಂದು ವಿಧಿಯುಂಟು. ಸುಗ್ಗಿಯ ಹಬ್ಬಗಳಲ್ಲಿ ಅವರನ್ನೂ ಕೂಡಿಸಿಕೊಂಡು ಸಂತೋಷಪಡಬೇಕೆಂದೂ ಹೇಳಿದೆ.

ಅನಾಥೆಯರು ತಾವೇ ಎದ್ದುನಿಂತು ಶಾಸನವನ್ನು ಬದಲಾಯಿಸಿದ ಪ್ರಸಂಗವೊಂದನ್ನು ಇಲ್ಲಿ ಹೇಳಲೇಬೇಕು. ಚಲ್ಪಹಾದನೆಂಬವನು ಗಂಡುಮಕ್ಕಳಿಲ್ಲದೆ ಅರಣ್ಯದಲ್ಲಿ ಸತ್ತನು. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂಬ ಅವನ ಐವರು ಹೆಣ್ಣುಮಕ್ಕಳು ದೇವದರ್ಶನದ ಗುಡಾರದ ಬಾಗಿಲಿಗೆ ಬಂದು, ಮೋಶೆಯ ಎದುರಿನಲ್ಲಿ, ಮಹಾಯಾಜಕನ ಎದುರಿನಲ್ಲಿ, ಪ್ರಧಾನರ ಮತ್ತು ಸಮಸ್ತ ಸಭೆಯ ಎದುರಿನಲ್ಲಿ ನಿಂತು, ಗಂಡುಮಗನಿಲ್ಲವೆಂಬ ಕಾರಣಕ್ಕೆ ತಂದೆಯ ಹೆಸರು ಕುಲದಿಂದ ಅಳಿಯಬೇಕೇ ಎಂದು ಕೇಳಿ, ತಮಗೆ ಭೂಮಿಯನ್ನು ಕೊಡಬೇಕೆಂದು ಬೇಡುತ್ತಾರೆ. ಮೋಶೆಗೆ ಉತ್ತರ ತೋಚದೆ ಅವನು ವಿಷಯವನ್ನು ದೇವರ ಮುಂದಿಡುತ್ತಾನೆ. ಆ ಹೆಣ್ಣುಮಕ್ಕಳು ಹೇಳುವುದು ಸರಿಯೆಂದು ದೇವರು ತೀರ್ಪು ಕೊಡುತ್ತಾನೆ. ಆ ತೀರ್ಪು ಅವರಿಗಷ್ಟೇ ಅಲ್ಲದೆ ಮುಂದಿನವರಿಗೂ ವಿಧಿಯಾಗುತ್ತದೆ. ಮುಂದೆ ಅರಣ್ಯಕಾಂಡದ ಕೊನೆಯ ಅಧ್ಯಾಯದಲ್ಲಿ, ಅವರು ತಮ್ಮ ಕುಲದವರನ್ನೇ ಮದುವೆಯಾಗಬೇಕೆಂಬ ಕಟ್ಟನ್ನು ಗಂಡಸರ ಮನವಿಯ ಮೇಲೆ ಸೇರಿಸಿದರೆಂಬುದೂ ನಿಜ. ಆದರೂ ಆ ಹೆಸರುಗಳು ಅಳಿಯಲಿಲ್ಲ. 1910ರಲ್ಲಿ ಸಮಾರ್ಯದ ಅರಮನೆಯ ಆವರಣದಲ್ಲಿ ಅಗೆದಾಗ ದೊರೆತ ಕ್ರಿಸ್ತಪೂರ್ವ ಎಂಟನೆಯ ಶತಮಾನದ ಮಡಕೆಚೂರುಗಳಲ್ಲಿ ದ್ರಾಕ್ಷಾರಸ ಮತ್ತು ಎಣ್ಣೆಯ ಲೆಕ್ಕವಿದ್ದು, ಅವು ಬಂದ ಸೀಮೆಗಳಲ್ಲಿ ಎರಡರ ಹೆಸರು ನೋವಾ ಮತ್ತು ಹೊಗ್ಲಾ.

ಪ್ರವಾದಿಗಳ ಕಥೆಗಳಲ್ಲಿ ವಿಧವೆಯರು ಬರುವ ಎರಡು ಪ್ರಸಂಗಗಳು ಪ್ರಸಿದ್ಧವಾಗಿವೆ. ಅರಸ ಅಹಾಬನ ಕಾಲದ ಕ್ಷಾಮದಲ್ಲಿ ದೇವರು ಎಲೀಯನನ್ನು ಕಳುಹಿಸುವುದು ಇಸ್ರಾಯೇಲಿನ ಹೊರಗೆ, ಇಂದಿನ ಲೆಬನಾನಿಗೆ ಸೇರಿದ ಚಾರೆಪ್ತಾ ಊರಿನ ವಿಧವೆಯ ಮನೆಗೆ. ಆಕೆ ಊರಬಾಗಿಲಲ್ಲಿ ಕಡ್ಡಿ ಆಯುತ್ತಿದ್ದಾಳೆ. ಮನೆಯಲ್ಲಿ ಉಳಿದ ಹಿಡಿ ಹಿಟ್ಟು ಮತ್ತು ತುಸು ಎಣ್ಣೆಯಿಂದ ತನಗೂ ಮಗನಿಗೂ ಕಡೆಯ ರೊಟ್ಟಿಯನ್ನು ಸುಟ್ಟು ತಿಂದು ಸಾಯುವುದೊಂದೇ ಅವಳಿಗೆ ಉಳಿದಿರುವುದು. ಆ ಹಿಟ್ಟೂ ಆ ಎಣ್ಣೆಯೂ ಮಳೆ ಬರುವವರೆಗೆ ತೀರಲಿಲ್ಲ. ಪ್ರವಾದಿಯನ್ನು ಸಾಕಲು ದೇವರು ಆಯ್ದುಕೊಂಡದ್ದು ತನ್ನನ್ನು ತಾನೇ ಸಾಕಿಕೊಳ್ಳಲಾರದವಳನ್ನು, ಅದೂ ಅನ್ಯಜನಾಂಗದವಳನ್ನು. ಎಲೀಷನ ಪ್ರಸಂಗ ಇನ್ನೂ ಮನೆಮಟ್ಟದ್ದು. ಪ್ರವಾದಿಗಳ ಸಮೂಹಕ್ಕೆ ಸೇರಿದ ದೈವಭಕ್ತನೊಬ್ಬನು ಸಾಲಮಾಡಿ ಸತ್ತಿದ್ದಾನೆ. ಸಾಲಕೊಟ್ಟವನು ಇಬ್ಬರು ಗಂಡುಮಕ್ಕಳನ್ನು ಜೀತಕ್ಕೆ ಒಯ್ಯಲು ಬಂದಿದ್ದಾನೆ. ಮನೆಯಲ್ಲಿ ಏನಿದೆ ಎಂದು ಎಲೀಷನು ಕೇಳಿದರೆ, ಒಂದು ಕುಡಿಕೆ ಎಣ್ಣೆಯ ಹೊರತು ಏನೂ ಇಲ್ಲವೆಂದು ಆಕೆಯ ಉತ್ತರ. ನೆರೆಯವರಿಂದ ಬರಿದಾದ ಪಾತ್ರೆಗಳನ್ನು ಕಡವಾಗಿ ತಂದು, ಬಾಗಿಲು ಮುಚ್ಚಿಕೊಂಡು ಎಣ್ಣೆ ಹೊಯ್ಯುತ್ತಾ ಹೋಗೆಂದು ಅವನು ಹೇಳುತ್ತಾನೆ. ಮಕ್ಕಳು ಪಾತ್ರೆಗಳನ್ನು ಒಂದೊಂದಾಗಿ ಮುಂದಿಡುತ್ತಾರೆ, ತಾಯಿ ಹೊಯ್ಯುತ್ತಾಳೆ. ಪಾತ್ರೆಗಳು ಮುಗಿದಾಗ ಎಣ್ಣೆ ನಿಲ್ಲುತ್ತದೆ. ಎಣ್ಣೆಯನ್ನು ಮಾರಿ ಸಾಲವನ್ನು ತೀರಿಸು, ಉಳಿದುದರಿಂದ ನೀನೂ ಮಕ್ಕಳೂ ಜೀವಿಸಿರೆಂಬುದು ಪ್ರವಾದಿಯ ಕೊನೆಯ ಮಾತು. ಪವಾಡವನ್ನು ನಂಬದವರೂ ಈ ಕಥೆಯ ಲೌಕಿಕ ವಿವೇಕವನ್ನು ಗಮನಿಸಬೇಕು: ಇದರಲ್ಲಿ ನೆರೆಹೊರೆಯವರ ಪಾತ್ರೆಗಳಿವೆ, ಮಕ್ಕಳ ದುಡಿಮೆಯಿದೆ, ತೀರಿದ ಸಾಲವಿದೆ, ಮುಂದಿನ ಬದುಕಿಗೆ ಒಂದಿಷ್ಟು ಬಂಡವಾಳವೂ ಇದೆ.

ವಿಧಿಯಿದ್ದ ಮಾತ್ರಕ್ಕೆ ಅದು ನಡೆಯಿತೆಂದಲ್ಲ. ಯೆಶಾಯ, ಯೆರೆಮೀಯ, ಯೆಹೆಜ್ಕೇಲ, ಜೆಕರ್ಯ, ಮಲಾಕಿಯ, ಇವರೆಲ್ಲರೂ ಶತಮಾನಗಳ ಉದ್ದಕ್ಕೂ ಇದೇ ದೂರನ್ನು ಹೇಳುತ್ತಾ ಬಂದರೆಂದರೆ, ಶತಮಾನಗಳ ಉದ್ದಕ್ಕೂ ವಿಧವೆಯರ ಮನೆಗಳು ಸೂರೆಯಾಗುತ್ತಲೇ ಇದ್ದವೆಂದು ಅರ್ಥ. ಯೆಶಾಯನ ಕೋಪ ವಿಶೇಷವಾಗಿ ತಿರುಗುವುದು ಶಾಸನಗಳನ್ನು ಬರೆಯುವವರ ಮೇಲೆ, ಲೇಖನಿಯಿಂದಲೇ ಅನಾಥರನ್ನು ದೋಚುವವರ ಮೇಲೆ. ಯೆರೆಮೀಯನು ದೇವಾಲಯದ ಬಾಗಿಲಲ್ಲಿಯೂ ಅರಮನೆಯಲ್ಲಿಯೂ ಒಂದೇ ಮಾತನ್ನು ನುಡಿದನು: ಅನಾಥರನ್ನೂ ವಿಧವೆಯರನ್ನೂ ಹಿಂಸಿಸುವ ಜನಕ್ಕೆ ದೇವಾಲಯವೂ ರಕ್ಷೆಯಲ್ಲ, ಸಿಂಹಾಸನವೂ ರಕ್ಷೆಯಲ್ಲ.

ಇಲ್ಲಿ ಮನಸ್ಸು ನೋಯುವ ಸ್ಥಳಗಳೂ ಇವೆ. ಅವುಗಳನ್ನು ಮುಚ್ಚಿಟ್ಟರೆ ಗ್ರಂಥಕ್ಕೆ ಗೌರವ ತೋರಿದಂತಾಗದು. ಕೆಟ್ಟ ಜನಾಂಗದ ದಂಡನೆಯನ್ನು ವರ್ಣಿಸುತ್ತಾ ಯೆಶಾಯನು ತನ್ನ 9ನೆಯ ಅಧ್ಯಾಯದಲ್ಲಿ, ದೇವರು ಅವರ ಅನಾಥರನ್ನೂ ವಿಧವೆಯರನ್ನೂ ಸಹ ಕರುಣಿಸನೆಂದು ಹೇಳುತ್ತಾನೆ. ಕೀರ್ತನೆಗಳಲ್ಲಿ ಒಂದು, ಶತ್ರುವಿನ ಮಕ್ಕಳು ಅನಾಥರಾಗಲೆಂದು ಶಪಿಸುತ್ತದೆ. ಎಲ್ಲಕ್ಕಿಂತ ಕಠಿನವಾದುದು, ಕಷ್ಟಗಳಿಗೆ ಗುರಿಯಾದ ಯೋಬನೆಂಬವನು ತನ್ನ ಹೆಸರಿನ ಪುಸ್ತಕದಲ್ಲಿ ಎತ್ತುವ ಪ್ರಶ್ನೆ. ಅನಾಥನ ಕತ್ತೆಯನ್ನು ಅಟ್ಟಿಕೊಂಡು ಹೋಗುವವರನ್ನೂ, ವಿಧವೆಯ ಎತ್ತನ್ನು ಒತ್ತೆಗೆ ಹಿಡಿಯುವವರನ್ನೂ, ತಂದೆಯಿಲ್ಲದ ಕೂಸನ್ನು ತಾಯ ಎದೆಯಿಂದ ಕಿತ್ತುಕೊಳ್ಳುವವರನ್ನೂ ಅವನು ಒಬ್ಬೊಬ್ಬರನ್ನಾಗಿ ಹೆಸರಿಸಿ, ಗಾಯಗೊಂಡವರು ಕೂಗಿಕೊಳ್ಳುತ್ತಿದ್ದರೂ ದೇವರು ಅದನ್ನು ಲಕ್ಷಿಸುವುದಿಲ್ಲವೆಂದು ಮುಖಕ್ಕೆ ಮುಖ ಕೊಟ್ಟು ಆಪಾದಿಸುತ್ತಾನೆ. ವಿಮೋಚನಕಾಂಡವು ಕೊಟ್ಟ ಮಾತನ್ನೇ ಎತ್ತಿ ಹಿಡಿದು, ಅದನ್ನು ಕೊಟ್ಟವನಿಂದಲೇ ಲೆಕ್ಕ ಕೇಳಿದಂತಿದೆ. ಪುಸ್ತಕದ ಕೊನೆಯಲ್ಲಿ ದೇವರು ಬಿರುಗಾಳಿಯೊಳಗಿಂದ ಮಾತಾಡುವಾಗಲೂ ಈ ಆಪಾದನೆಗೆ ನೇರವಾದ ಉತ್ತರವನ್ನು ಕೊಡುವುದಿಲ್ಲ. ಆದರೆ ಯೋಬನ ಸಮಾಧಾನಕ್ಕೆಂದು ಬಂದು ದೇವರನ್ನು ಸಮರ್ಥಿಸಿಕೊಂಡ ಸ್ನೇಹಿತರಿಗಿಂತ ಯೋಬನೇ ಸರಿಯಾಗಿ ನುಡಿದನೆಂದು ಹೇಳುತ್ತಾನೆ. ದಿಕ್ಕಿಲ್ಲದವರ ಪರವಾಗಿ ದೇವರೊಡನೆಯೇ ವಾದಿಸುವುದನ್ನು ಪುಣ್ಯಗ್ರಂಥವೊಂದು ತನ್ನೊಳಗೆ ಉಳಿಸಿಕೊಂಡು ಬಂದದ್ದು ಸಾಮಾನ್ಯವಾದ ಸಂಗತಿಯಲ್ಲ.

ಶಾಸನದಲ್ಲಿ ವಿಧವೆಗೆ ದಾಯಭಾಗವಿಲ್ಲದ ಕೊರತೆಯನ್ನು ಮುಂದಿನ ಕಾಲದ ಯೆಹೂದ್ಯರು ಕರಾರುಗಳ ಮೂಲಕ ತುಂಬಿದರು. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ನೈಲ್ ನದಿಯ ಎಲೆಫಂಟೈನ್ ದ್ವೀಪದಲ್ಲಿ ನೆಲೆಸಿದ್ದ ಯೆಹೂದ್ಯರ ವಿವಾಹಪತ್ರಗಳಲ್ಲಿ, ಮಕ್ಕಳಿಲ್ಲದೆ ಗಂಡನು ಸತ್ತರೆ ಮನೆ ಮತ್ತು ಸ್ವತ್ತಿನ ಮೇಲೆ ಹೆಂಡತಿಗೇ ಅಧಿಕಾರವೆಂದು ಬರೆದಿದೆ. ಮಿಷ್ನಾದ ಕಾಲಕ್ಕೆ, ಗಂಡನು ಸತ್ತರೆ ಆಕೆಗೆ ಸಲ್ಲತಕ್ಕ ಹಣವೂ, ವಿಧವೆಯಾಗಿರುವವರೆಗೂ ಅವನ ಮನೆಯಲ್ಲಿ ವಾಸಿಸಿ ಅವನ ಸ್ವತ್ತಿನಿಂದ ಜೀವಿಸುವ ಹಕ್ಕೂ ಕೆತುಬಾ ಎಂಬ ವಿವಾಹಪತ್ರದ ಕರಾರಾಗಿದ್ದವು.

ಇಂತಹ ಒಬ್ಬ ವಿಧವೆಯ ಕಾಗದಪತ್ರಗಳು ನಮ್ಮ ಕಾಲಕ್ಕೆ ಉಳಿದು ಬಂದಿವೆ. 1961ರಲ್ಲಿ ಪುರಾತತ್ತ್ವಜ್ಞ ಯಿಗಾಯೆಲ್ ಯಾದಿನ್ ಅವರ ತಂಡವು ಮೃತಸಮುದ್ರದ ಪಶ್ಚಿಮದ ಕಣಿವೆಯೊಂದರ ಗುಹೆಯಲ್ಲಿ ಚರ್ಮದ ಚೀಲವೊಂದನ್ನು ಕಂಡುಹಿಡಿಯಿತು. ಅದರಲ್ಲಿ ಬಾಬಥಾ ಎಂಬ ಯೆಹೂದ್ಯ ಹೆಂಗಸಿನ 35 ದಾಖಲೆಗಳು ಮಡಿಸಿ ಕಟ್ಟಿದಂತೆಯೇ ಇದ್ದವು. ಮೊದಲ ಗಂಡನು ಸತ್ತ ಮೇಲೆ ಅವಳ ಚಿಕ್ಕ ಮಗನಿಗೆ ಪೆಟ್ರಾ ನಗರದ ಸಭೆಯು ಇಬ್ಬರು ಪೋಷಕರನ್ನು ನೇಮಿಸಿತ್ತು. ಅವರು ಮಗುವಿನ ಹಣವನ್ನು ತಮ್ಮ ಕೈಯಲ್ಲಿಟ್ಟುಕೊಂಡು ತಿಂಗಳಿಗೆ ಎರಡು ದಿನಾರಿಗಳನ್ನು ಮಾತ್ರ ಕೊಡುತ್ತಿದ್ದರು. ಇದು ಸಾಲದೆಂದು ಬಾಬಥಾ ರೋಮನ್ ರಾಜ್ಯಪಾಲನವರೆಗೂ ದೂರು ಒಯ್ದಳು. ನೂರು ದಿನಾರಿಗೆ ಪೋಷಕರು ತಿಂಗಳಿಗೆ ಅರ್ಧ ದಿನಾರಿ ಲೆಕ್ಕದಲ್ಲಿ ಕೊಡುತ್ತಿರುವಾಗ, ಹಣವನ್ನು ತನ್ನ ಕೈಗೆ ಕೊಟ್ಟರೆ ತನ್ನ ಸ್ವಂತ ಆಸ್ತಿಯನ್ನು ಆಧಾರವಾಗಿಟ್ಟು ಒಂದೂವರೆ ದಿನಾರಿ ಲೆಕ್ಕದಲ್ಲಿ ಮಗನನ್ನು ಸಾಕುವೆನೆಂದು ಬರೆದುಕೊಟ್ಟಳು. ಇದು ಕ್ರಿಸ್ತಶಕ 125ರ ಸುಮಾರಿನ ಮಾತು. ಅದೇ ಚೀಲದಲ್ಲಿರುವ, 132ನೆಯ ಇಸವಿಯ ಆಗಸ್ಟ್ ತಿಂಗಳಿನ ರಸೀದಿಯೊಂದರಲ್ಲಿ, ಮಗನ ಮೂರು ತಿಂಗಳ ಪೋಷಣೆಗೆಂದು ಆಕೆ ಆರು ದಿನಾರಿಗಳನ್ನು ಪಡೆದುಕೊಂಡಂತೆ ಬರೆದಿದೆ. ಏಳು ವರ್ಷಗಳ ಹೋರಾಟದ ಅನಂತರವೂ ತಿಂಗಳಿಗೆ ಎರಡೇ. ಪ್ರವಾದಿಗಳು ಏತಕ್ಕಾಗಿ ಅಷ್ಟು ಗಟ್ಟಿಯಾಗಿ ಕೂಗಿದರೆಂಬುದು ಈ ರಸೀದಿಯನ್ನು ಓದಿದವನಿಗೆ ತಿಳಿಯುತ್ತದೆ.

ಈ ಹೀಬ್ರೂ ಧರ್ಮಗ್ರಂಥಗಳು ಹತ್ತೊಂಬತ್ತನೆಯ ಶತಮಾನದಲ್ಲಿ, ಬಳ್ಳಾರಿಯಲ್ಲಿ ನೆಲೆಸಿದ್ದ ಜಾನ್ ಹ್ಯಾಂಡ್ಸ್ ಮುಂತಾದವರ ಪ್ರಯತ್ನದಿಂದ ಕನ್ನಡಕ್ಕೆ ಬಂದು ಇಂದು ಸುಲಭವಾಗಿ ದೊರೆಯುತ್ತವೆ. ಯಾವ ಮತದವರೇ ಆಗಲಿ, ಈ ವಿಷಯದಲ್ಲಿ ಆಸಕ್ತಿಯುಳ್ಳ ಓದುಗರು ಮೊದಲು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವನ್ನು ಓದಿ, ಅನಂತರ ರೂತಳ ಪುಸ್ತಕವನ್ನು ಒಂದೇ ಸಲಕ್ಕೆ ಕುಳಿತು ಮುಗಿಸಿ, ಆ ಮೇಲೆ ಯೋಬನ 24ನೆಯ ಅಧ್ಯಾಯವನ್ನು ಓದಬೇಕೆಂದು ನನ್ನ ಬಿನ್ನಹ. ಮೂರನ್ನೂ ಇದೇ ಕ್ರಮದಲ್ಲಿ ಓದಲು ಒಂದು ಸಂಜೆ ಸಾಕು.